ಬೀಳುವ ಹಲ್ಲು ಎಂದು ಬಿಡಬೇಡಿ

“ಹಾಲು ಹಲ್ಲು ತಾನೇ? ಇವತ್ತಲ್ಲ ನಾಳೆ ಬೀಳುತ್ತೆ, ಬಿಡಿ.”

ಅಕ್ಕಂದಿರೇ, ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮಗುವಿನ ಹಲ್ಲು ಕಪ್ಪಗಾದರೆ ಮನೆಯ ಹಿರಿಯರು ಹೀಗೆ ಹೇಳುತ್ತಾರೆ. ನೀರಿಗೆ ಹೋದಾಗ ಪಕ್ಕದ ಮನೆಯವರು ಹೇಳುತ್ತಾರೆ. ಮಗು ಕೆನ್ನೆ ಹಿಡಿದುಕೊಂಡು ಅತ್ತರೂ ಇದೇ ಮಾತು.

ಈ ಮಾತು ಅರ್ಧ ನಿಜ. ಹಾಲು ಹಲ್ಲು ಬೀಳುತ್ತದೆ. ಆದರೆ ಯಾವಾಗ ಬೀಳುತ್ತದೆ?

ಮುಂದಿನ ಹಲ್ಲು ಆರು, ಏಳು ವರ್ಷಕ್ಕೆ ಬೀಳುತ್ತವೆ. ಹಿಂದಿನ ದವಡೆ ಹಲ್ಲು ಅಷ್ಟು ಬೇಗ ಬೀಳುವುದಿಲ್ಲ. ಅವು ಬೀಳುವುದು ಹತ್ತರಿಂದ ಹನ್ನೆರಡು ವರ್ಷಕ್ಕೆ. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾಯಿತು ಅನ್ನಿ. ಅದು ಬೀಳಲು ಇನ್ನೂ ಆರೇಳು ವರ್ಷ ಬೇಕು. ಅಷ್ಟು ವರ್ಷ ಮಗು ಆ ಹಲ್ಲಿನಲ್ಲೇ ರೊಟ್ಟಿ ಅಗಿಯಬೇಕು. ಆ ನೋವಿನಲ್ಲೇ ಮಲಗಬೇಕು. ಆ ನೋವಿನಲ್ಲೇ ಶಾಲೆಗೆ ಹೋಗಬೇಕು.

ನಮ್ಮಲ್ಲಿ ಎಷ್ಟೋ ತಾಯಂದಿರು ಹೇಳುತ್ತಾರೆ, “ನಮ್ಮ ಮಗು ಉಣ್ಣೋದೇ ಇಲ್ಲ, ಬರೀ ಅನ್ನ ನುಂಗುತ್ತೆ, ರೊಟ್ಟಿ ಮುಟ್ಟಲ್ಲ” ಅಂತ. ಅಂಥ ಮಗುವಿನ ಬಾಯಿ ತೆರೆದು ನೋಡಿ. ಮಗುವಿಗೆ ಹಟ ಇರಲಿಕ್ಕಿಲ್ಲ. ಹಲ್ಲು ನೋವು ಇರಬಹುದು. ಚಿಕ್ಕ ಮಗುವಿಗೆ “ನನಗೆ ಹಲ್ಲು ನೋವು” ಎಂದು ಹೇಳಲು ಬರುವುದಿಲ್ಲ. ತಟ್ಟೆ ದೂಡುತ್ತದೆ, ಅಷ್ಟೆ.

ಹಾಲು ಹಲ್ಲಿನ ಲೆಕ್ಕ

ಆರು ತಿಂಗಳ ಹೊತ್ತಿಗೆ ಮಗುವಿನ ಕೆಳಗಿನ ಎರಡು ಹಲ್ಲು ಮೊಳೆಯುತ್ತವೆ. ಕೆಲವು ಮಕ್ಕಳಿಗೆ ಬೇಗ ಬರುತ್ತವೆ. ಕೆಲವರಿಗೆ ವರ್ಷ ತುಂಬಿದ ಮೇಲೆ ಬರುತ್ತವೆ. ಗಾಬರಿ ಬೇಡ. ಕೆಲವರಿಗೆ ಮೇಲಿನ ಹಲ್ಲೇ ಮೊದಲು ಬರುತ್ತದೆ. ಹಾಗೆ ಬಂದರೆ ಸೋದರಮಾವನಿಗೆ ಆಗಿ ಬರಲ್ಲ ಅಂತ ಕೆಲವು ಕಡೆ ಹೇಳುತ್ತಾರೆ. ಮಾವನಿಗೆ ಏನೂ ಆಗುವುದಿಲ್ಲ. ಅವನು ನೆಮ್ಮದಿಯಾಗಿ ಇರಲಿ.

ಎರಡೂವರೆ ಮೂರು ವರ್ಷಕ್ಕೆ ಎಲ್ಲ ಹಾಲು ಹಲ್ಲು ಬಂದಿರುತ್ತವೆ. ಮೇಲೆ 10, ಕೆಳಗೆ 10, ಒಟ್ಟು 20. ನಿಮ್ಮ ಮಗುವಿನ ಹಲ್ಲು ಎಣಿಸಿ ನೋಡಿ. ಎಣಿಸುವ ನೆಪದಲ್ಲಿ ಬಾಯಿ ನೋಡಿದ ಹಾಗೂ ಆಗುತ್ತದೆ.

ಈ 20 ಹಲ್ಲಿಗೆ ಅಗಿಯುವುದು ಒಂದೇ ಕೆಲಸವಲ್ಲ. ಮಾತು ಸ್ಪಷ್ಟವಾಗಿ ಬರಲು ಹಲ್ಲು ಬೇಕು. ಇನ್ನೊಂದು ದೊಡ್ಡ ಕೆಲಸವೂ ಇದೆ. ಸಂತೆ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಹಾಲು ಹಲ್ಲು ದೊಡ್ಡ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತದೆ. ಟವೆಲ್ ತೆಗೆದರೆ ಪಕ್ಕದವರು ಸರಿದು ಕೂರುತ್ತಾರೆ. ಹಾಲಿನ ದವಡೆ ಹಲ್ಲು ಬೇಗ ಹೋದರೂ ಹಾಗೇ. ಪಕ್ಕದ ಹಲ್ಲು ವಾಲಿಕೊಂಡು ಬರುತ್ತದೆ. ಮುಂದೆ ಹುಟ್ಟುವ ದೊಡ್ಡ ಹಲ್ಲಿಗೆ ಜಾಗ ಸಾಲುವುದಿಲ್ಲ. ಅದು ಸೊಟ್ಟಗೆ ಬರುತ್ತದೆ.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇವೆ. ಹಲ್ಲು ಮೊಳೆಯುವಾಗ ಮಗು ಜೊಲ್ಲು ಸುರಿಸುತ್ತದೆ. ಕೈಗೆ ಸಿಕ್ಕಿದ್ದು ಕಚ್ಚುತ್ತದೆ. ಸ್ವಲ್ಪ ಕಿರಿಕಿರಿ ಮಾಡುತ್ತದೆ. ಇದು ಸಹಜ. ಆದರೆ ಭೇದಿ ಆದರೂ “ಹಲ್ಲು ಬರ್ತಿದೆ, ಅದಕ್ಕೆ” ಅಂತ ಸುಮ್ಮನಿರುತ್ತಾರೆ. ಇದು ತಪ್ಪು. ಹಲ್ಲಿನಿಂದ ಭೇದಿ ಆಗುವುದಿಲ್ಲ. ಆ ವಯಸ್ಸಿನ ಮಗು ನೆಲದಲ್ಲಿ ಬಿದ್ದದ್ದನ್ನೆಲ್ಲ ಬಾಯಿಗೆ ಇಡುತ್ತದೆ. ಅದರಿಂದ ರೋಗಾಣು ಹೊಟ್ಟೆಗೆ ಹೋಗುತ್ತದೆ. ಭೇದಿ ಆದ ಮಗುವಿಗೆ ಓ.ಆರ್.ಎಸ್. ನೀರು ಕುಡಿಸಬೇಕು. ಎದೆಹಾಲು ಕೊಡುತ್ತಲೇ ಇರಬೇಕು. ಜ್ವರ ಜೋರಾದರೆ, ಮಗು ಸೋತು ಮಲಗಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಲ್ಲಿನ ಮೇಲೆ ತಪ್ಪು ಹಾಕಿ ಕೂತರೆ ಮಗುವಿನ ಜೀವಕ್ಕೇ ಅಪಾಯ.

ಹುಳು ಎಲ್ಲಿಂದ ಬಂತು?

“ಹಲ್ಲಿಗೆ ಹುಳು ಬಿದ್ದಿದೆ” ಎನ್ನುತ್ತೇವೆ. ಬೀನ್ಸಿನಲ್ಲಿ, ಬದನೆಕಾಯಿಯಲ್ಲಿ ಇರುವಂಥ ಹುಳು ಹಲ್ಲಿನಲ್ಲಿ ಇರುವುದಿಲ್ಲ. ಜಾತ್ರೆಯಲ್ಲಿ, ಸಂತೆಯಲ್ಲಿ ಹಲ್ಲಿನಿಂದ ಹುಳು ತೆಗೆದು ತೋರಿಸುವವರು ಬರುತ್ತಾರೆ. ಅದು ಕೈಚಳಕ. ದುಡ್ಡು ಕೊಡಬೇಡಿ.

ನಿಜವಾಗಿ ಆಗುವುದು ಬೇರೆ. ನಮ್ಮ ಬಾಯಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇವೆ. ಹಲ್ಲಿನ ಮೇಲೆ ಅಂಟು ಅಂಟಾದ ಪಾಚಿ ಕಟ್ಟುತ್ತದಲ್ಲ, ಅದರೊಳಗೆ ಅವು ಮನೆ ಮಾಡಿರುತ್ತವೆ. ನಾವು ಸಿಹಿ ತಿಂದಾಗ ಅವೂ ತಿನ್ನುತ್ತವೆ. ತಿಂದು ಹುಳಿಯನ್ನು ಬಿಡುತ್ತವೆ. ಆ ಹುಳಿ ಹಲ್ಲನ್ನು ಕರಗಿಸುತ್ತದೆ.

ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನಿಂಬೆ ರಸ ಬಿದ್ದರೆ ಏನಾಗುತ್ತದೆ? ಒರೆಸಿದರೂ ಅಲ್ಲಿ ಮಂಕು ಕಲೆ ಉಳಿಯುತ್ತದೆ. ಹುಳಿ ಕಲ್ಲನ್ನೇ ತಿಂದಿರುತ್ತದೆ. ಹಲ್ಲಿಗೂ ಹೀಗೇ ಆಗುತ್ತದೆ. ಮೊದಲು ಹಲ್ಲು ಮಂಕಾಗಿ ಬೆಳ್ಳಗೆ ಕಾಣುತ್ತದೆ. ಆಮೇಲೆ ಕಂದು ಬಣ್ಣ. ಆಮೇಲೆ ಗುಂಡಿ. ಗುಂಡಿ ಆಳಕ್ಕೆ ಇಳಿದು ನರ ಮುಟ್ಟಿದಾಗ ನೋವು.

ಬಾಯಿಯ ಜೊಲ್ಲು ಈ ಹುಳಿಯನ್ನು ತೊಳೆಯುತ್ತದೆ. ಸವೆದ ಹಲ್ಲನ್ನು ಸ್ವಲ್ಪ ಸ್ವಲ್ಪ ರಿಪೇರಿ ಕೂಡ ಮಾಡುತ್ತದೆ. ಆದರೆ ಅದಕ್ಕೆ ಹೊತ್ತು ಬೇಕು. ಒಂದು ಸಲ ಸಿಹಿ ತಿಂದರೆ ಬಾಯಿ ಸರಿಹೋಗಲು ಅರ್ಧ ಗಂಟೆಗೂ ಮೇಲೆ ಬೇಕು. ಮಗು ಬೆಳಗ್ಗೆಯಿಂದ ಸಂಜೆವರೆಗೆ ಸ್ವಲ್ಪ ಸ್ವಲ್ಪ ಬಿಸ್ಕತ್ತು, ಸ್ವಲ್ಪ ಸ್ವಲ್ಪ ಪೆಪ್ಪರಮಿಂಟು ತಿನ್ನುತ್ತಿದ್ದರೆ ಜೊಲ್ಲಿಗೆ ಬಿಡುವೇ ಸಿಗುವುದಿಲ್ಲ.

ಆದ್ದರಿಂದ ಎಷ್ಟು ಸಿಹಿ ತಿಂದಿತು ಎನ್ನುವಷ್ಟೇ ಎಷ್ಟು ಸಲ ತಿಂದಿತು ಎನ್ನುವುದೂ ಮುಖ್ಯ. ಹಬ್ಬದ ದಿನ ಊಟದ ಜೊತೆ ಹೋಳಿಗೆ ತಿಂದರೆ ಹಲ್ಲು ಹಾಳಾಗುವುದಿಲ್ಲ. ದಿನಾ ಐದಾರು ಸಲ ಎರಡೆರಡು ಬಿಸ್ಕತ್ತು ತಿಂದರೆ ಹಾಳಾಗುತ್ತದೆ. ಬಿಸ್ಕತ್ತು ಹಿಟ್ಟಿನ ಹಾಗೆ ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಸುಲಭಕ್ಕೆ ಹೋಗಲ್ಲ. “ನಾವು ಸಕ್ಕರೆ ಕೊಡಲ್ಲ, ಬೆಲ್ಲ ಕೊಡ್ತೀವಿ” ಎನ್ನುವವರೂ ಇದ್ದಾರೆ. ರೋಗಾಣುವಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ.

ಹಸಿವಿಗೆ ಹುರಿದ ಶೇಂಗಾ, ಬೇಯಿಸಿದ ಕಾಳು, ಸೀಬೆಹಣ್ಣು, ಮೊಸರು ಕೊಡಬಹುದು. ತೀರ ಚಿಕ್ಕ ಮಕ್ಕಳಿಗೆ ಶೇಂಗಾ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬಿಸ್ಕತ್ತಿನ ಪೊಟ್ಟಣ ಕೈಗೆ ಕೊಟ್ಟರೆ ಮಗು ಸುಮ್ಮನಿರುತ್ತೆ, ಕೆಲಸ ಸಾಗುತ್ತೆ, ನಮಗೆ ಗೊತ್ತು. ಕೂಲಿಗೆ ಹೋಗುವ ತಾಯಿಗೆ ಬೇರೆ ದಾರಿ ಹುಡುಕುವುದು ಸುಲಭವಲ್ಲ. ಹಾಗಾದರೆ ಅದನ್ನು ಊಟದ ಜೊತೆಗೇ ಕೊಡಿ. ಮಧ್ಯೆ ಮಧ್ಯೆ ಕೊಡಬೇಡಿ.

ರಾತ್ರಿ ಬಾಟಲಿಯ ವಿಷಯ ಇದಕ್ಕಿಂತ ದೊಡ್ಡದು. ಸಕ್ಕರೆ ಹಾಕಿದ ಹಾಲನ್ನು ಬಾಟಲಿಯಲ್ಲಿ ತುಂಬಿ ಮಗುವಿನ ಬಾಯಿಗಿಟ್ಟು ಮಲಗಿಸುತ್ತಾರೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಸಿಹಿ ಹಾಲು ಇಡೀ ರಾತ್ರಿ ಹಲ್ಲಿನ ಮೇಲೆ ನಿಂತಿರುತ್ತದೆ. ಎರಡು ಮೂರು ವರ್ಷದ ಮಗುವಿನ ಮೇಲಿನ ಮುಂದಿನ ನಾಲ್ಕು ಹಲ್ಲು ಕಪ್ಪಾಗಿ ಮುರಿದು ಮೊಂಡಾಗಿರುವುದನ್ನು ನೀವು ನೋಡಿರಬಹುದು. ಅದಕ್ಕೆ ಹೆಚ್ಚಾಗಿ ಕಾರಣ ಇದೇ. ಬಾಟಲಿ ಬಿಡಿಸಿ. ಲೋಟದಲ್ಲಿ ಕುಡಿಸಿ. ಜೇನು, ಬೆಲ್ಲದ ನೀರಿನಲ್ಲಿ ಅದ್ದಿದ ಬಟ್ಟೆ ಚೀಪಿಸುವುದೂ ಬೇಡ. ಒಂದು ವರ್ಷದ ಒಳಗಿನ ಮಗುವಿಗಂತೂ ಜೇನು ಕೊಡಲೇಬಾರದು.

ಎದೆಹಾಲು ಬಿಡಿಸಬೇಕೇ ಎಂದು ಕೇಳುತ್ತೀರಿ. ಬೇಡ, ಬೇಡ. ಎರಡು ವರ್ಷದವರೆಗೆ, ಬೇಕಾದರೆ ಆಮೇಲೂ ಕೊಡಿ. ಹಲ್ಲು ಬಂದ ಮೇಲೆ ಮಲಗುವ ಮುಂಚೆ ಉಜ್ಜುವುದನ್ನು ಮಾತ್ರ ತಪ್ಪಿಸಬೇಡಿ.

ಇನ್ನೊಂದು ಸಂಗತಿ. ಮಗು ಹುಟ್ಟುವಾಗ ಹುಳುಕಿನ ರೋಗಾಣು ಅದರ ಬಾಯಲ್ಲಿ ಇರುವುದಿಲ್ಲ. ಅದು ಹೆಚ್ಚಾಗಿ ಮನೆಯವರ ಎಂಜಲಿನಿಂದ ಬರುತ್ತದೆ. ನಾವು ಅಗಿದು ಮಗುವಿಗೆ ತಿನ್ನಿಸುತ್ತೇವೆ. ನಮ್ಮ ಬಾಯಿಗಿಟ್ಟ ಚಮಚವನ್ನು ಮಗುವಿನ ಬಾಯಿಗೆ ಇಡುತ್ತೇವೆ. ಹಾಗಾಗಿ ತಾಯಿಯ ಹಲ್ಲು ಚೆನ್ನಾಗಿದ್ದರೆ ಮಗುವಿಗೂ ಒಳ್ಳೆಯದು. ಮನೆಯಲ್ಲಿ ಎಲ್ಲರ ಹಲ್ಲು ನೋವಿಗೂ ಔಷಧ ತರುತ್ತೇವೆ. ನಮ್ಮ ಹಲ್ಲಿಗೆ ಲವಂಗ ಒತ್ತಿ ಸುಮ್ಮನಾಗುತ್ತೇವೆ. ನೀವೂ ತೋರಿಸಿಕೊಳ್ಳಿ.

ಉಜ್ಜುವವರು ಯಾರು?

ಮೂರು ವರ್ಷದ ಮಗುವಿನ ಕೈಗೆ ಬ್ರಷ್ ಕೊಟ್ಟು “ಉಜ್ಜಿಕೋ ಹೋಗು” ಎನ್ನುತ್ತೇವೆ. ಮಗು ಪೇಸ್ಟ್ ಚೀಪಿ, ಮುಂದಿನ ಎರಡು ಹಲ್ಲಿಗೆ ಬ್ರಷ್ ತಾಗಿಸಿ ಓಡಿ ಬರುತ್ತದೆ. ಅದು ಮಗುವಿನ ತಪ್ಪಲ್ಲ. ಆ ವಯಸ್ಸಿಗೆ ಅದರ ಕೈ ತಿರುಗುವುದಿಲ್ಲ. ಏಳು, ಎಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ತಲೆ ಬಾಚುವುದನ್ನು ಮಗುವಿಗೆ ಬಿಡುತ್ತೇವೆಯೇ? ಇಲ್ಲವಲ್ಲ. ಇದೂ ಹಾಗೆ. ಮಗು ತಾನೂ ಉಜ್ಜಲಿ, ಖುಷಿಪಡಲಿ. ಆಮೇಲೆ ನೀವು ಒಂದು ಸಲ ಉಜ್ಜಿ.

“ನೀವು” ಎಂದರೆ ತಾಯಿ ಒಬ್ಬಳೇ ಅಲ್ಲ. ಅಪ್ಪನ ಕೈಗೂ ಬ್ರಷ್ ಹಿಡಿಯಲು ಬರುತ್ತದೆ. ಅಜ್ಜ, ಅಜ್ಜಿ, ದೊಡ್ಡ ಅಕ್ಕ ಯಾರಾದರೂ ಸರಿ. ರಾತ್ರಿ ನೀವು ಪಾತ್ರೆ ತೊಳೆಯುವ ಹೊತ್ತಿಗೆ ಅವರು ಮಗುವಿನ ಹಲ್ಲು ಉಜ್ಜಲಿ.

ಹಲ್ಲು ಬರುವ ಮುಂಚೆ ಒದ್ದೆ ಮಾಡಿದ ಶುಭ್ರ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡು ಒರೆಸಿ. ಮೊದಲ ಹಲ್ಲು ಕಂಡ ದಿನದಿಂದ ಮೆತ್ತನೆಯ ಚಿಕ್ಕ ಬ್ರಷ್ ಶುರು ಮಾಡಿ. ವರ್ಷ ತುಂಬಲಿ ಅಂತ ಕಾಯಬೇಡಿ.

ಹೇಗೆ ಉಜ್ಜುವುದು? ನಾವು ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಕಾಲ ಮೇಲೆ ಮಲಗಿಸಿಕೊಳ್ಳುತ್ತೇವೆ. ಇಲ್ಲೂ ಚಿಕ್ಕ ಮಗುವನ್ನು ಅಂಗಾತ ಮಲಗಿಸಿ. ಮಗುವಿನ ತಲೆ ನಿಮ್ಮ ಮಡಿಲಲ್ಲಿ, ಕಾಲು ಆಚೆಗೆ ಇರಲಿ. ಆಗ ಬಾಯಿ ಪೂರಾ ಕಾಣುತ್ತದೆ. ಒಂದು ಕೈಯಲ್ಲಿ ತುಟಿ ಎತ್ತಿ. ಇನ್ನೊಂದು ಕೈಯಲ್ಲಿ ಉಜ್ಜಿ. ಮೂರು ವರ್ಷ ದಾಟಿದ ಮಗುವನ್ನು ನಿಲ್ಲಿಸಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ಒರಗುವ ಹಾಗೆ ಹಿಡಿದುಕೊಳ್ಳಿ. ತಲೆ ಮೇಲಕ್ಕೆ ಎತ್ತಿಸಿ.

ಬ್ರಷ್ಷನ್ನು ಒಸಡು ಮತ್ತು ಹಲ್ಲು ಸೇರುವ ಜಾಗದಲ್ಲಿ ಇಡಿ. ಚಿಕ್ಕದಾಗಿ, ಮೆಲ್ಲಗೆ ಸುತ್ತು ಸುತ್ತಾಗಿ ಆಡಿಸಿ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಡಿ. ಹೊರಗಡೆ, ಒಳಗಡೆ, ಅಗಿಯುವ ಕಡೆ, ಮೂರೂ ಕಡೆ ಆಗಬೇಕು. ಹೆಚ್ಚು ಹೊತ್ತು ದವಡೆ ಹಲ್ಲಿಗೆ ಕೊಡಿ. ಅದರ ಮೇಲೆ ಗೆರೆ ಗೆರೆಯಾಗಿ ಹಳ್ಳ ಇರುತ್ತದೆ. ಅನ್ನ, ಬಿಸ್ಕತ್ತು ಅಲ್ಲೇ ಕೂರುತ್ತದೆ. ಒಟ್ಟು ಎರಡು ನಿಮಿಷ ಸಾಕು.

ಮಗು ಒದ್ದಾಡುತ್ತದೆ. ಅಳುತ್ತದೆ. ಮೊದಲ ಒಂದು ವಾರ ಹೀಗೇ ಇರುತ್ತದೆ. ನಿಮ್ಮ ಹಲ್ಲನ್ನೂ ಅದರ ಮುಂದೆ ಉಜ್ಜಿ ತೋರಿಸಿ. ನಿಮ್ಮ ಹಲ್ಲು ಉಜ್ಜಲು ಅದಕ್ಕೆ ಬಿಡಿ, ನಗುತ್ತದೆ. ಕತೆ ಹೇಳಿ. ಹಲ್ಲು ಎಣಿಸುತ್ತಾ ಉಜ್ಜಿ. “ಉಜ್ಜಿಸಿಕೊಳ್ಳದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ” ಎಂದು ಮಾತ್ರ ಹೆದರಿಸಬೇಡಿ. ನಾಳೆ ನಿಜವಾಗಿ ಡಾಕ್ಟರ ಹತ್ತಿರ ಹೋಗಬೇಕಾದಾಗ ಮಗು ಬಾಯಿಯೇ ತೆರೆಯುವುದಿಲ್ಲ.

ದಿನಕ್ಕೆ ಎರಡು ಸಲ ಉಜ್ಜಬೇಕು. ನಮ್ಮಲ್ಲಿ ಬೆಳಗ್ಗೆ ಉಜ್ಜುವ ರೂಢಿ ಚೆನ್ನಾಗಿದೆ. ಹಲ್ಲುಜ್ಜದ ಮಗುವಿಗೆ ತಿಂಡಿ ಕೊಡುವುದಿಲ್ಲ. ರಾತ್ರಿ ಉಜ್ಜುವ ರೂಢಿ ಇಲ್ಲ. ಆದರೆ ಎರಡರಲ್ಲಿ ಮುಖ್ಯ ರಾತ್ರಿಯದೇ. ಯಾಕೆ ಅಂತ ಮೇಲೆ ಹೇಳಿದ್ದೇವೆ. ನಿದ್ದೆಯಲ್ಲಿ ಹಲ್ಲು ತೊಳೆಯುವ ಜೊಲ್ಲು ಕಡಿಮೆ. ಊಟ ಆದ ಮೇಲೆ ಉಜ್ಜಿದರೆ ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಮಲಗುವಾಗ ಹಾಲು ಕುಡಿಯುವ ಮಗುವಾದರೆ ಹಾಲು ಮೊದಲು, ಬ್ರಷ್ ಆಮೇಲೆ.

ಒಬ್ಬೊಬ್ಬರಿಗೆ ಒಂದೊಂದು ಬ್ರಷ್ ಬೇಕು. ನಾಲ್ಕು ಮಕ್ಕಳಿಗೆ ಒಂದೇ ಬ್ರಷ್ ಆಗದು. ಕೂದಲು ಹರಡಿ ಚಪ್ಪಟೆಯಾದ ಬ್ರಷ್ಷಿನಿಂದ ಪಾಚಿ ಹೋಗುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸಿ.

ಬೂದಿ, ಇದ್ದಿಲು, ಪೇಸ್ಟು

ಇಟ್ಟಿಗೆ ಪುಡಿ, ಇದ್ದಿಲು, ಬೂದಿ, ಉಪ್ಪು. ಇವುಗಳಿಂದ ಉಜ್ಜಿದರೆ ಹಲ್ಲು ಹೊಳೆಯುತ್ತದೆ ನಿಜ. ತರಿ ತರಿ ಪುಡಿ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಸವೆಸುತ್ತದೆ. ಹಾಲು ಹಲ್ಲಿನ ಪದರ ಮೊದಲೇ ತೆಳು. ಮಕ್ಕಳಿಗೆ ಇವು ಬೇಡ.

ಬೇವಿನ ಕಡ್ಡಿಯನ್ನು ದೊಡ್ಡವರು ಚೆನ್ನಾಗಿ ಅಗಿದು ಮೆತ್ತಗೆ ಮಾಡಿ ಉಜ್ಜಿದರೆ ತೊಂದರೆ ಇಲ್ಲ. ಚಿಕ್ಕ ಮಗುವಿಗೆ ಒಸಡು ಚುಚ್ಚುತ್ತದೆ.

ಹೊಗೆಸೊಪ್ಪಿನ ಪುಡಿ ಬೇಡವೇ ಬೇಡ. ಕೆಲವು ಕಡೆ ಹೆಂಗಸರು ಮಿಶ್ರಿ ಹಚ್ಚುತ್ತಾರೆ. ಹಲ್ಲು ಉಜ್ಜಲೆಂದು ಶುರುವಾಗಿ ಚಟವಾಗುತ್ತದೆ. ಅಮ್ಮನನ್ನು ನೋಡಿ ಮಗಳೂ ಬೆರಳು ಅದ್ದುತ್ತಾಳೆ. ಹೊಗೆಸೊಪ್ಪಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ. 1992ರಲ್ಲಿ ಕೇಂದ್ರ ಸರ್ಕಾರ ಹಲ್ಲುಪುಡಿ ಮತ್ತು ಪೇಸ್ಟಿಗೆ ಹೊಗೆಸೊಪ್ಪು ಸೇರಿಸುವುದನ್ನು ನಿಷೇಧಿಸಿತು.

ಪೇಸ್ಟ್ ಕೊಳ್ಳುವಾಗ ಫ್ಲೋರೈಡ್ ಇರುವ ಪೇಸ್ಟ್ ಕೇಳಿ. ಫ್ಲೋರೈಡ್ ಹಲ್ಲಿನ ಪದರವನ್ನು ಗಟ್ಟಿ ಮಾಡುತ್ತದೆ. ಹುಳಿಗೆ ಬೇಗ ಕರಗದ ಹಾಗೆ ಕಾಯುತ್ತದೆ. ಈ ಹೆಸರು ಕೊಳವೆಯ ಮೇಲೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಅದರ ಪಕ್ಕದ ಅಂಕಿಯನ್ನು ನೀವೇ ಓದಬಹುದು. ನಮ್ಮ ದೇಶದ ನಿಯಮದಂತೆ ಅದು 1000ಕ್ಕಿಂತ ಹೆಚ್ಚು ಇರಬಾರದು. ಅವಧಿ ಮುಗಿಯುವ ತಿಂಗಳು, ವರ್ಷ ಕೂಡ ಓದಿ ನೋಡಿ.

ಜಾಹೀರಾತಿನಲ್ಲಿ ಬ್ರಷ್ಷಿನ ತುದಿಯಿಂದ ತುದಿಗೆ ಪೇಸ್ಟ್ ಹಾಕಿ ತೋರಿಸುತ್ತಾರೆ. ಬೇಗ ಖಾಲಿಯಾದರೆ ಅವರಿಗೆ ಲಾಭ. ಮೂರು ವರ್ಷದ ಒಳಗಿನ ಮಗುವಿಗೆ ಒಂದು ಅಕ್ಕಿ ಕಾಳಿನಷ್ಟು ಸಾಕು. ಮೂರರಿಂದ ಆರು ವರ್ಷದವರೆಗೆ ಒಂದು ಬಟಾಣಿ ಕಾಳಿನಷ್ಟು. ಉಗುಳುವುದನ್ನು ಕಲಿಸಿ. ನುಂಗಲು ಬಿಡಬೇಡಿ. ಪೇಸ್ಟನ್ನು ಮಗುವಿನ ಕೈಗೆ ಸಿಗದ ಕಡೆ ಇಡಿ.

ಫ್ಲೋರೈಡ್ ಹೊಟ್ಟೆಗೆ ಹೆಚ್ಚು ಹೋದರೆ ಕೆಟ್ಟದ್ದು. ಇದನ್ನು ಪಾವಗಡದವರಿಗೆ, ಬಾಗೇಪಲ್ಲಿಯವರಿಗೆ, ಮುಂಡರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೋಲಾರ, ತುಮಕೂರು, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರಿನ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದ ಮಕ್ಕಳ ದೊಡ್ಡ ಹಲ್ಲು ಹುಟ್ಟುವಾಗಲೇ ಹಳದಿ, ಕಂದು ಪಟ್ಟೆ ಹೊತ್ತು ಬರುತ್ತವೆ. ಇದು ಕೊಳೆ ಅಲ್ಲ. ಎಷ್ಟು ಉಜ್ಜಿದರೂ ಹೋಗಲ್ಲ. ಆ ಮಗುವಿಗೆ “ಹಲ್ಲು ಉಜ್ಜಲ್ಲ, ಸೋಮಾರಿ” ಎಂದು ಬೈಯಬೇಡಿ.

ಆ ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಅದು ಹೆಚ್ಚೇ ಆಗುತ್ತದೆ. ಎಂಟು ವರ್ಷದ ಒಳಗಿನ ಮಕ್ಕಳಿಗೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ. ನಿಮ್ಮ ಊರಿನ ನೀರು ಹೇಗಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಇಂಥ ಊರಿನಲ್ಲಿ ಮಕ್ಕಳ ಪೇಸ್ಟಿನ ಬಗ್ಗೆ ಹಲ್ಲಿನ ಡಾಕ್ಟರನ್ನು ಕೇಳಿಯೇ ತೀರ್ಮಾನ ಮಾಡಿ.

ಹಲ್ಲು ಕಪ್ಪಾಗಲು ಇನ್ನೊಂದು ಕಾರಣ ಇದೆ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಸಿಗುವ ಕಬ್ಬಿಣಾಂಶದ ಸಿರಪ್. ಅದು ಹಲ್ಲಿಗೆ ಕಪ್ಪು ಕಲೆ ಮಾಡಬಹುದು. ಇದು ಹುಳುಕಲ್ಲ. ಸಿರಪ್ ನಿಲ್ಲಿಸಬೇಡಿ, ರಕ್ತ ಕಡಿಮೆ ಆಗದಿರಲು ಅದು ಬೇಕು. ನಾಲಿಗೆಯ ಹಿಂಭಾಗಕ್ಕೆ ಬಿಟ್ಟು, ಆಮೇಲೆ ನೀರು ಕುಡಿಸಿ.

ಆರು ವರ್ಷದ ಹಲ್ಲು

ಈ ಪುಸ್ತಕದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಆರು ವರ್ಷದ ಹೊತ್ತಿಗೆ ಮಗುವಿನ ಮುಂದಿನ ಹಲ್ಲು ಅಲ್ಲಾಡುತ್ತದೆ. ಮನೆಯಲ್ಲಿ ಸಂಭ್ರಮ. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿ ಇಟ್ಟು ಮಾಡಿನ ಮೇಲೆ ಎಸೆಯುತ್ತೇವೆ. ಎಲ್ಲರ ಕಣ್ಣೂ ಮುಂದಿನ ಹಲ್ಲಿನ ಮೇಲೆ. ಅದೇ ಹೊತ್ತಿಗೆ, ಹಿಂದೆ, ಹಾಲು ಹಲ್ಲಿನ ಸಾಲು ಮುಗಿಯುವ ಕಡೆ ನಾಲ್ಕು ಹೊಸ ದವಡೆ ಹಲ್ಲು ಮೆಲ್ಲಗೆ ಮೇಲೆ ಬರುತ್ತವೆ. ಮೇಲೆ ಎರಡು, ಕೆಳಗೆ ಎರಡು.

ಇವು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಇವನ್ನೂ ಹಾಲು ಹಲ್ಲು ಎಂದೇ ತಿಳಿಯುತ್ತಾರೆ. ಹುಳುಕಾದರೆ “ಬೀಳುತ್ತೆ ಬಿಡಿ” ಅನ್ನುತ್ತಾರೆ. ಇವು ಬೀಳುವ ಹಲ್ಲಲ್ಲ. ಇವು ಶಾಶ್ವತ ಹಲ್ಲು. ಮಗು ಮುದುಕಿಯಾಗುವವರೆಗೆ ಇವುಗಳಲ್ಲೇ ಅಗಿಯಬೇಕು. ಹೋದರೆ ಮತ್ತೆ ಹುಟ್ಟುವುದಿಲ್ಲ.

ಹೊಸದಾಗಿ ಮೊಳೆಯುವಾಗ ಈ ಹಲ್ಲು ಸಾಲಿನಿಂದ ತಗ್ಗಿನಲ್ಲಿ ಇರುತ್ತದೆ. ಬ್ರಷ್ ಮೇಲಿಂದ ಮೇಲೆ ಹಾದುಹೋಗುತ್ತದೆ. ಇದಕ್ಕೆ ಮುಟ್ಟುವುದೇ ಇಲ್ಲ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಒಳಗೆ ಇಟ್ಟು, ಕಟ್ಟಕಡೆಯ ಹಲ್ಲನ್ನು ಬೇರೆಯಾಗಿ ಉಜ್ಜಬೇಕು. ಮಗು ಒಂದನೇ ತರಗತಿಗೆ ಸೇರಿದ ವರ್ಷ ಎಂದು ನೆನಪಿಟ್ಟುಕೊಳ್ಳಿ. ಆ ವರ್ಷ ತಿಂಗಳಿಗೊಮ್ಮೆ ಬೆಳಕಿನಲ್ಲಿ ಬಾಯಿ ತೆರೆಸಿ ಹಿಂದಿನ ಹಲ್ಲು ಎಣಿಸಿ. ಹಾಲಿನ ದವಡೆ ಹಲ್ಲು ಒಂದೊಂದು ಪಕ್ಕಕ್ಕೆ ಎರಡು. ಮೂರನೆಯದು ಕಂಡರೆ ಅದೇ ಆರು ವರ್ಷದ ಹಲ್ಲು.

ಯಾವಾಗ ತೋರಿಸಬೇಕು?

ತಿಂಗಳಿಗೊಮ್ಮೆ ಮಗುವಿನ ಮೇಲಿನ ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇದೆಯೇ? ಅದು ಹುಳುಕಿನ ಮೊದಲ ಗುರುತು. ಆಗಲೇ ಸಿಹಿ ತಡೆದು, ದಿನಾ ಎರಡು ಸಲ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿದರೆ ಹಲ್ಲು ಮತ್ತೆ ಗಟ್ಟಿಯಾಗಬಹುದು. ಗುಂಡಿ ಬಿದ್ದ ಮೇಲೆ ಉಜ್ಜುವುದರಿಂದ ಗುಂಡಿ ತುಂಬುವುದಿಲ್ಲ. ಡಾಕ್ಟರೇ ಸಿಮೆಂಟ್ ತುಂಬಬೇಕು. ಗುಂಡಿ ಚಿಕ್ಕದಿದ್ದಾಗ ಹೋದರೆ ಕೆಲಸ ಬೇಗ ಮುಗಿಯುತ್ತದೆ, ಮಗುವಿಗೂ ಹೆಚ್ಚು ನೋವಾಗುವುದಿಲ್ಲ.

ಎಲ್ಲಿ ತೋರಿಸುವುದು? ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರನ್ನು ಕೇಳಿ. ಇನ್ನೊಂದು ದಾರಿಯೂ ಇದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಇದರಲ್ಲಿ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷೆ ಮಾಡಬೇಕು. ಹಲ್ಲಿನ ಹುಳುಕನ್ನು ನೋಡುವುದೂ ಅವರ ಪಟ್ಟಿಯಲ್ಲಿದೆ. ತಂಡ ಬರುವ ದಿನ ಯಾವುದು ಎಂದು ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ. ಆದರೆ ನೀವೂ ಜೊತೆಗೆ ಹೋಗಿ. “ಇವಳ ಹಲ್ಲು ನೋಡಿ” ಎಂದು ಬಾಯಿಬಿಟ್ಟು ಕೇಳಿ. ಮುಂದೆ ಎಲ್ಲಿಗೆ ಹೋಗಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದದ್ದನ್ನು ಓದಿ ನೋಡಿ, ತಿಳಿಯದಿದ್ದರೆ ಅಲ್ಲೇ ಮತ್ತೆ ಕೇಳಿ.

ನೋವಿರುವ ಹಲ್ಲಿನ ಗುಂಡಿಗೆ ಹೊಗೆಸೊಪ್ಪು, ಸೀಮೆಎಣ್ಣೆ, ಬ್ಯಾಟರಿ ನೀರು ಇಡಬೇಡಿ. ಬಾಯಿ ಸುಡುತ್ತದೆ. ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಲಿ, ಬೆಳಗಾದ ಕೂಡಲೇ ಆಸ್ಪತ್ರೆಗೆ ಹೊರಡಿ. ಕೆನ್ನೆ ಊದಿದೆ, ಜೊತೆಗೆ ಜ್ವರ ಇದೆ, ಬಾಯಿ ತೆರೆಯಲು ಆಗುತ್ತಿಲ್ಲ, ನುಂಗಲು ಆಗುತ್ತಿಲ್ಲ ಎಂದರೆ ಬೆಳಗಿನವರೆಗೂ ಕಾಯಬೇಡಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರಾಟಕ್ಕೇ ತೊಂದರೆ.

ಆಟದಲ್ಲಿ ಬಿದ್ದು ಹಲ್ಲು ಕಿತ್ತು ಬಂದರೆ ಏನು ಮಾಡುವುದು? ಹಾಲು ಹಲ್ಲಾದರೆ ಮತ್ತೆ ಕೂರಿಸಲು ಹೋಗಬೇಡಿ. ಒಳಗಿರುವ ದೊಡ್ಡ ಹಲ್ಲಿಗೆ ಪೆಟ್ಟಾಗುತ್ತದೆ. ರಕ್ತ ನಿಲ್ಲಲು ಶುಭ್ರ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಏಳೆಂಟು ವರ್ಷದ ಮಗುವಿನ ಹೊಸ ದೊಡ್ಡ ಹಲ್ಲಾದರೆ ಮಾತು ಬೇರೆ. ಆ ಹಲ್ಲನ್ನು ಹುಡುಕಿ. ಬೇರನ್ನು ಮುಟ್ಟಬೇಡಿ, ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ತಿಕ್ಕಬೇಡಿ. ಒಂದು ಲೋಟ ಹಸಿ ಹಾಲಿನಲ್ಲಿ ಹಲ್ಲನ್ನು ಹಾಕಿಕೊಂಡು, ಮಗುವನ್ನೂ ಲೋಟವನ್ನೂ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಓಡಿ. ಒಂದು ಗಂಟೆಯ ಒಳಗೆ ತಲುಪಿದರೆ ಆ ಹಲ್ಲನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಲು ಸಾಧ್ಯವಿದೆ.